ಬೋರ್ ನೀರಿನ ಕಲೆ ಬಿದ್ದ ಹಲ್ಲು, ಬ್ಲೀಚಿಂಗ್ ಮಾಡಿಸಿದವರು ಯಾರಾದರೂ ಇದ್ದೀರಾ?

ನಮ್ಮೂರು ಮುಂಡರಗಿ ಹತ್ತಿರ. ಚಿಕ್ಕವಳಿದ್ದಾಗಿಂದ ಬೋರ್ ನೀರು ಕುಡಿದು ಮುಂದಿನ ಹಲ್ಲುಗಳ ಮೇಲೆ ಕಂದು ಪಟ್ಟೆ, ಸುತ್ತ ಬಿಳಿ ಚುಕ್ಕೆ. ಮೇ ತಿಂಗಳಲ್ಲಿ ಮದುವೆ. ಡಾಕ್ಟರ್ ಹತ್ತಿರ ಬಿಳಿ ಮಾಡಿಸಿಕೊಂಡವರು ದಯವಿಟ್ಟು ಹೇಳಿ.

ಗದಗಿನಿಂದ:
ತಂಗಿ, ನನ್ನದೂ ಇದೇ ಕಥೆ, ನಾನು ಬೆಳೆದದ್ದು ರೋಣದ ಕಡೆ. ಮೊದಲು ನಾಚಿಕೆ ಬಿಡು, ಇದು ಹಲ್ಲು ಉಜ್ಜದೆ ಬಂದ ಕಲೆಯಲ್ಲ. ನೀರಿನಲ್ಲಿರುವ ಫ್ಲೋರೈಡ್ ಅನ್ನುವ ಲವಣದಿಂದ ಬಂದದ್ದು. ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು ಅಂತಾರೆ. ಜಾಸ್ತಿ ಇದ್ದರೆ ಹಲ್ಲು ಇನ್ನೂ ಒಸಡಿನೊಳಗೆ ತಯಾರಾಗುವಾಗಲೇ, ಅಂದರೆ ಸುಮಾರು 8 ವರ್ಷದೊಳಗೆ, ಎನಾಮಲ್, ಅಂದರೆ ಹಲ್ಲಿನ ಹೊರಗಿನ ಗಟ್ಟಿ ಪದರ, ಕೆಡುತ್ತದೆ. ಅದಕ್ಕೇ ಇದ್ದಿಲು, ನಿಂಬೆಹಣ್ಣು, ಸೋಡಾ ಯಾವುದಕ್ಕೂ ಜಗ್ಗುವುದಿಲ್ಲ. ನಾನು ಅವನ್ನೆಲ್ಲ ತಿಕ್ಕಿ ತಿಕ್ಕಿ, ತಣ್ಣೀರು ತಾಗಿದರೂ ಜುಮ್ ಅನ್ನುವಂತೆ ಮಾಡಿಕೊಂಡೆ. ಆಮೇಲೆ ಒಂದು ಕ್ಲಿನಿಕ್‌ನಲ್ಲಿ ಸರಿಯಾಗಿ ನೋಡದೇ ಬ್ಲೀಚಿಂಗ್ ಮಾಡಿಬಿಟ್ಟರು, ಬಿಳಿ ಚುಕ್ಕೆಗಳು ಇನ್ನೂ ಎದ್ದು ಕಂಡವು. ಎಷ್ಟು ಅತ್ತೆನೋ.

ಕೊನೆಗೆ ಧಾರವಾಡಕ್ಕೆ, ಸತ್ತೂರಿನ ಎಸ್‌ಡಿಎಂ ಡೆಂಟಲ್ ಕಾಲೇಜಿಗೆ ಹೋದೆ. ಮೊದಲು ಮೈಕ್ರೋಅಬ್ರೇಷನ್ ಮಾಡಿದರು. ಒಸಡಿಗೆ ತಾಗದಂತೆ ರಬ್ಬರ್ ಹಾಳೆ ಕಟ್ಟಿ, ಆಸಿಡ್ ಬೆರೆಸಿದ ಪುಡಿಯಿಂದ ಮೇಲಿನ ತೆಳು ಪದರವನ್ನಷ್ಟೇ ಉಜ್ಜುತ್ತಾರೆ. ಆಮೇಲೆ ನನ್ನ ಹಲ್ಲಿನ ಅಳತೆಗೇ ಟ್ರೇ ಮಾಡಿಕೊಟ್ಟರು. ಅದರಲ್ಲಿ ಬ್ಲೀಚ್ ಮಾಡುವ ಶೇಕಡಾ 10ರ ಕಾರ್ಬಮೈಡ್ ಪೆರಾಕ್ಸೈಡ್ ಜೆಲ್ ಹಾಕಿ ಎರಡು ವಾರ ರಾತ್ರಿ ಇಟ್ಟುಕೊಂಡೆ. ಜುಮ್ ಅನಿಸಿದಾಗ ಒಂದು ದಿನ ಬಿಡುತ್ತಿದ್ದೆ. ಕಂದು ಬಹುಪಾಲು ಹೋಯಿತು, ಚುಕ್ಕೆ ಸ್ವಲ್ಪ ಉಳಿದಿವೆ. ನನಗೆ ಅಷ್ಟು ಸಾಕು. ಕಲೆ ತುಂಬಾ ಆಳವಿದ್ದರೆ ವೆನೀರ್, ಅಂದರೆ ಹಲ್ಲಿನ ಮುಂಭಾಗಕ್ಕೆ ಅಂಟಿಸುವ ತೆಳು ಹೊದಿಕೆ, ಹಾಕಬೇಕಾಗುತ್ತದೆ. ಆದರೆ ಅದಕ್ಕೆ ಸಾಮಾನ್ಯವಾಗಿ ಹಲ್ಲು ಸ್ವಲ್ಪ ಕೆರೆಯುತ್ತಾರೆ, ಕೆರೆದದ್ದು ಮತ್ತೆ ಬೆಳೆಯುವುದಿಲ್ಲ, ಅದನ್ನು ಕೊನೆಗೆ ಇಟ್ಟುಕೋ.

ಹುಬ್ಬಳ್ಳಿಯಿಂದ:
ನನ್ನದು ಚಹಾ ಮತ್ತು ಗುಟ್ಕಾದ ಕಲೆ. ಬರೀ ಕ್ಲೀನಿಂಗ್‌ನಲ್ಲೇ ಹೋಯಿತು, ಬ್ಲೀಚಿಂಗ್ ಬೇಕಾಗಲೇ ಇಲ್ಲ. ಕ್ಲೀನಿಂಗ್ ಮಾಡಿಸಿದರೆ ಹಲ್ಲು ಅಲುಗಾಡುತ್ತವೆ ಅಂತ ಮನೆಯಲ್ಲಿ ಹೆದರಿಸಿದ್ದರು, ಅದು ಸುಳ್ಳು. ಒಸಡನ್ನು ಹಾಳು ಮಾಡುವುದು ಹಲ್ಲಿಗೆ ಕಟ್ಟಿದ ಕಿಟ್ಟವೇ. ಗುಟ್ಕಾ ಬಿಟ್ಟೆ, ಇಲ್ಲದಿದ್ದರೆ ಮತ್ತೆ ಅದೇ ಬಣ್ಣ ಬರುತ್ತಿತ್ತು.

ಹಾವೇರಿಯಿಂದ:
ಅಕ್ಕಾ, ಕ್ಯಾಪ್, ಸಿಮೆಂಟ್ ತುಂಬಿದ ಜಾಗ ಬ್ಲೀಚಿಂಗ್‌ನಿಂದ ಬಿಳಿ ಆಗುವುದಿಲ್ಲ. ಮುಂದಿನ ಹಲ್ಲಲ್ಲಿ ಅಂಥದ್ದು ಇದ್ದರೆ ಡಾಕ್ಟರಿಗೆ ಮೊದಲೇ ಹೇಳಿ. ನಾನು ಸೈಕಲ್‌ನಿಂದ ಬಿದ್ದು ಒಂದು ಹಲ್ಲು ಸತ್ತು ಕಪ್ಪಾಗಿತ್ತು, ರೂಟ್ ಕೆನಾಲ್ ಮಾಡಿ ಒಳಗಿಂದಲೇ ಬ್ಲೀಚ್ ಮಾಡಿದರು.

ಮುಂಡರಗಿಯಿಂದ:
ಎಲ್ಲರಿಗೂ ಧನ್ಯವಾದ. ಅಣ್ಣನ ಮಗಳಿಗೆ ಈಗ 3 ವರ್ಷ, ಅವಳೂ ಅದೇ ಬೋರ್ ನೀರು ಕುಡಿಯುತ್ತಿದ್ದಾಳೆ. ಕಾಯಿಸಿ ಕೊಟ್ಟರೆ ಸಾಕಾ?

ಗದಗಿನಿಂದ:
ಸಾಲದು ತಂಗಿ. ಕಾಯಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಉಳಿದ ನೀರಿನಲ್ಲಿ ಅದರ ಪ್ರಮಾಣ ಹೆಚ್ಚುತ್ತದೆ. ಹೊಳೆ ನೀರು ಇಲ್ಲವೇ ಆರ್‌ಒ ನೀರು ಕೊಡಿ, ಅಡುಗೆಗೂ ಅದೇ ಬಳಸಿ. ಇವತ್ತಿನಿಂದಲೇ.