ಪ್ರಶ್ನೋತ್ತರ: ಮನೆ ದುರಸ್ತಿ, ಬಾಡಿಗೆ ಪೋರ್ಷನ್, ಸರ್ಕಾರದ ನೆರವು – ಆಡಿಟರ್ ಮೇಡಂ ಅವರನ್ನು ಕೇಳಿ

ಅಡ್ಮಿನ್: ಇವತ್ತು ಸಂಜೆ 5ರಿಂದ ನಮ್ಮ ಗುಂಪಿನ ಆಡಿಟರ್ ಮೇಡಂ ಉತ್ತರ ಕೊಡ್ತಾರೆ. ಮನೆ ರಿಪೇರಿ ಸಾಲ, ಬಾಡಿಗೆ ಆದಾಯ, ಸಬ್ಸಿಡಿ ಬಗ್ಗೆ ಮಾತ್ರ ಕೇಳಿ. ಕೇಳುವ ಮುಂಚೆ ಮೇಲಿನದನ್ನು ಓದಿ. ಫಾರ್ವರ್ಡ್ ಬೇಡ.

ಆಡಿಟರ್: ಎಲ್ಲರಿಗೂ ನಮಸ್ಕಾರ. ನಾನು ಹೇಳುವ ಸೆಕ್ಷನ್ ಸಂಖ್ಯೆಗಳು 1961ರ ಆದಾಯ ತೆರಿಗೆ ಕಾಯ್ದೆಯವು. 2025ರ ಹೊಸ ಕಾಯ್ದೆ 2026ರ ಏಪ್ರಿಲ್ 1ರಿಂದ ಜಾರಿ, ಅದರಲ್ಲಿ ಸಂಖ್ಯೆಗಳು ಬೇರೆ. ಪ್ರಶ್ನೆಯ ಜೊತೆ ಮೂರು ವಿಷಯ ಬರೆಯಿರಿ: ಮನೆ ಯಾರ ಹೆಸರಲ್ಲಿದೆ, ಸಾಲ ಯಾರ ಹೆಸರಲ್ಲಿದೆ, ತೆರಿಗೆ ಹಳೆ ಪದ್ಧತಿಯಲ್ಲೋ ಹೊಸದರಲ್ಲೋ.

ಸದಸ್ಯರು (ದಾವಣಗೆರೆ): ಮೇಡಂ, ಸ್ವಂತ ಮನೆ, ನಾವೇ ವಾಸ. ತಾರಸಿ ಸೋರಿಕೆ, ವೈರಿಂಗ್, ಎರಡು ಬಾತ್‌ರೂಮ್ ರಿಪೇರಿಗೆ 6 ಲಕ್ಷ ಸಾಲ ತಗೊಂಡಿದ್ದೀನಿ. ಬಡ್ಡಿಗೆ 2 ಲಕ್ಷದವರೆಗೆ ವಿನಾಯಿತಿ ಸಿಗುತ್ತಲ್ಲ? ಮನೆ, ಸಾಲ ಎರಡೂ ನನ್ನದೇ. ಹಳೆ ಪದ್ಧತಿ.

ಆಡಿಟರ್: 2 ಲಕ್ಷ ಸಿಗೋದು ಕೊಂಡಿದ್ದಕ್ಕೆ, ಕಟ್ಟಿದ್ದಕ್ಕೆ. ನಾವೇ ವಾಸವಿರುವ ಮನೆಯ ದುರಸ್ತಿ ಸಾಲಕ್ಕೆ 24(ಬಿ) ಅಡಿ ವರ್ಷಕ್ಕೆ 30,000 ಮಾತ್ರ. ಮನೆ ಕಟ್ಟಿದ ಸಾಲದ ಬಡ್ಡಿಯೂ ಇದ್ದರೆ ಎರಡೂ ಸೇರಿ 2 ಲಕ್ಷ ದಾಟುವಂತಿಲ್ಲ. ಸಾಲದ ಅಸಲು ಮೊತ್ತಕ್ಕೆ 80ಸಿ ವಿನಾಯಿತಿ ಇಲ್ಲ: ವಾಸಕ್ಕೆ ಬಂದ ಮೇಲೆ ಮಾಡಿಸಿದ ದುರಸ್ತಿ, ಬದಲಾವಣೆ, ಸೇರ್ಪಡೆಯನ್ನು ಆ ಸೆಕ್ಷನ್ನೇ ಹೊರಗಿಟ್ಟಿದೆ. ಹೊಸ ಪದ್ಧತಿಯಲ್ಲಿ ಈ 30,000 ಕೂಡ ಇಲ್ಲ. ಪರ್ಸನಲ್ ಲೋನ್ ಆದರೂ ಪರವಾಗಿಲ್ಲ, ಹಣ ದುರಸ್ತಿಗೇ ಹೋಯ್ತು ಅಂತ ತೋರಿಸಬೇಕು. ಗುತ್ತಿಗೆದಾರರಿಗೆ ಬ್ಯಾಂಕ್ ಮೂಲಕವೇ ಕೊಡಿ, ಬಿಲ್ ಇಡಿ, ವರ್ಷದ ಕೊನೆಗೆ ಬಡ್ಡಿ ಪ್ರಮಾಣಪತ್ರ ತಗೊಳ್ಳಿ.

ಸದಸ್ಯರು (ಹಾಸನ): ಬಾಡಿಗೆ ಮನೆಗೆ ಪೇಂಟ್ ಮಾಡಿಸಿದ ಬಿಲ್ 85,000. ಬಾಡಿಗೆ ಆದಾಯದಲ್ಲಿ ಕಳೆಯಬಹುದಾ?

ಆಡಿಟರ್: ಇಲ್ಲ. ಬಾಡಿಗೆಯಲ್ಲಿ ನೀವು ಕಟ್ಟಿದ ಮನೆ ಕಂದಾಯ ಕಳೆದು, ಉಳಿದದ್ದರಲ್ಲಿ 30% ದುರಸ್ತಿ ಅಂತ ಕಾನೂನೇ ಕಳೆಯುತ್ತೆ. ಒಂದು ರೂಪಾಯಿ ಖರ್ಚು ಮಾಡದಿದ್ದರೂ 30%, 5 ಲಕ್ಷ ಖರ್ಚಾದರೂ 30%. ಕಂದಾಯ ಆ ವರ್ಷದಲ್ಲೇ, ನೀವೇ ಕಟ್ಟಿರಬೇಕು.

ಸದಸ್ಯರು (ತುಮಕೂರು): ಎಲ್ಲರ ಗಮನಕ್ಕೆ!! ಪ್ರಧಾನ ಮಂತ್ರಿ ಆವಾಸ್ ಯೋಜನೆಯಲ್ಲಿ ಹಳೆ ಮನೆ ರಿಪೇರಿಗೆ 2.67 ಲಕ್ಷ ಸಬ್ಸಿಡಿ. ಆಧಾರ್, ಬ್ಯಾಂಕ್ ವಿವರ ತುಂಬಿದರೆ 7 ದಿನದಲ್ಲಿ ಖಾತೆಗೆ. ಲಿಂಕ್ ಕೆಳಗಿದೆ.

ಆಡಿಟರ್: ಅಡ್ಮಿನ್, ಆ ಲಿಂಕ್ ಈಗಲೇ ತೆಗೀರಿ. ಯಾರಾದರೂ ಅದರಲ್ಲಿ ಖಾತೆ ವಿವರ ತುಂಬಿದ್ದರೆ ಮೊದಲು ಬ್ಯಾಂಕಿಗೆ ಫೋನ್ ಮಾಡಿ, ಆಮೇಲೆ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ. 2.67 ಲಕ್ಷ ಹಳೆ ಬಡ್ಡಿ ಸಬ್ಸಿಡಿ ಯೋಜನೆಯ ಅಂಕಿ. ಅದು ಮಧ್ಯಮ ವರ್ಗಕ್ಕೆ 2021ರ ಮಾರ್ಚ್ 31ಕ್ಕೆ, ಉಳಿದವರಿಗೆ 2022ರ ಮಾರ್ಚ್ 31ಕ್ಕೆ ಮುಗಿದಿದೆ. ಈಗ ಇರೋದು 2024ರ ಸೆಪ್ಟೆಂಬರ್‌ನಿಂದ ನಡೆಯುತ್ತಿರುವ ಅದೇ ಆವಾಸ್ ಯೋಜನೆಯ ನಗರ 2.0. ಅದಕ್ಕೆ ಕುಟುಂಬದವರ ಹೆಸರಲ್ಲಿ ದೇಶದ ಯಾವ ಮೂಲೆಯಲ್ಲೂ ಪಕ್ಕಾ ಮನೆ ಇರಬಾರದು, ವಾರ್ಷಿಕ ಆದಾಯ 9 ಲಕ್ಷದ ಒಳಗಿರಬೇಕು. ಬಡ್ಡಿ ನೆರವು ಹೆಚ್ಚೆಂದರೆ 1.80 ಲಕ್ಷ, ಅದೂ ಐದು ಕಂತಿನಲ್ಲಿ. ಪಕ್ಕಾ ಮನೆ ಇದ್ದವರ ರಿಪೇರಿಗೆ ಅದರಲ್ಲಿ ಏನೂ ಇಲ್ಲ.

ಸದಸ್ಯರು (ತುಮಕೂರು): ನಮ್ಮ ಸಂಬಂಧಿಕರಿಗೆ ಬಂದಿದೆ ಅಂತ ಹೇಳಿದ್ರು ಮೇಡಂ, ಅದಕ್ಕೇ ಹಾಕಿದೆ.

ಆಡಿಟರ್: ಯಾವ ವರ್ಷ ಬಂತು ಅಂತ ಅವರನ್ನು ಕೇಳಿ.

ಸದಸ್ಯೆ (ಮೈಸೂರು): ಮೇಡಂ, ತಂದೆಯವರ ಮನೆ ಮೇಲೆ ಒಂದು ಪೋರ್ಷನ್ ಕಟ್ಟಿಸಿದ್ವಿ. 22 ಲಕ್ಷ ಬ್ಯಾಂಕ್ ಸಾಲ ನನ್ನ ಹೆಸರಲ್ಲಿ, ಮನೆ ಅಡಮಾನ ಇದೆ, ಮನೆಯ ಖಾತೆ ತಂದೆ ಹೆಸರಲ್ಲಿದೆ. ಕೆಲಸ ಮುಗಿಸೋಕೆ ಇನ್ನೂ ದುಡ್ಡು ಬೇಕು. ಒಬ್ಬರು 3 ವರ್ಷ ಲೀಸಿಗೆ 12 ಲಕ್ಷ ಕೊಡ್ತೀವಿ ಅಂತಿದ್ದಾರೆ: 5 ಲಕ್ಷ ಆನ್‌ಲೈನ್, 7 ಲಕ್ಷ ನಗದು. ಬ್ರೋಕರ್ 11 ತಿಂಗಳ ಕರಾರು ಸಾಕು, ಬಾಡಿಗೆ ಇಲ್ಲದ್ದರಿಂದ ತೆರಿಗೆನೂ ಇಲ್ಲ ಅಂತಾರೆ. ನಾನು ಸಂಬಳದಾರೆ, ಹೊಸ ಪದ್ಧತಿ. ಶುಕ್ರವಾರ ಮುಂಗಡ ಕೊಡ್ತಾರಂತೆ.

ಆಡಿಟರ್: ಶುಕ್ರವಾರ ಏನನ್ನೂ ತಗೋಬೇಡಿ, ಪೂರ್ತಿ ಓದಿ.

ನಗದು ಮೊದಲು. 269ಎಸ್‌ಎಸ್ ಪ್ರಕಾರ ಸಾಲವಾಗಲಿ ಠೇವಣಿಯಾಗಲಿ 20,000 ಅಥವಾ ಅದಕ್ಕಿಂತ ಹೆಚ್ಚನ್ನು ನಗದಿನಲ್ಲಿ ತಗೊಳ್ಳುವಂತಿಲ್ಲ. ಲೀಸ್ ಹಣ ವಾಪಸ್ ಕೊಡಬೇಕಾದ ಹಣ, ಅದು ಠೇವಣಿಯೇ. ತಗೊಂಡರೆ 271ಡಿ ಅಡಿ ತಗೊಂಡಷ್ಟೇ ದಂಡ. ನಿಮ್ಮ ಲೆಕ್ಕದಲ್ಲಿ 7 ಲಕ್ಷ ತಗೊಂಡು 7 ಲಕ್ಷ ದಂಡ. ಮೂರು ವರ್ಷದ ಮೇಲೆ ನಗದಿನಲ್ಲೇ ವಾಪಸ್ ಕೊಟ್ಟರೆ 269ಟಿ ಮುರಿದಂತೆ, ಅದಕ್ಕೂ ಅಷ್ಟೇ ದಂಡ. ಎರಡೂ ದಂಡ ಬೀಳೋದು ಠೇವಣಿ ತಗೊಂಡವರಿಗೆ, ಠೇವಣಿ ಕೊಟ್ಟವರಿಗಲ್ಲ. ಹಾಗಾಗಿ ಅವರಿಗೆ ನಗದು ಕೊಡೋಕೆ ಭಯವಿಲ್ಲ.

ಬಾಡಿಗೆ ಇಲ್ಲ ಅಂದರೆ ತೆರಿಗೆ ಇಲ್ಲ ಅನ್ನೋದು ತಪ್ಪು. ಆ ಮನೆಗೆ ಬೀದಿಯಲ್ಲಿ ಎಷ್ಟು ಬಾಡಿಗೆ ಬರಬಹುದೋ ಅದನ್ನೇ ಆದಾಯ ಅಂತ 23(1)(ಎ) ಹಿಡಿಯುತ್ತೆ. ಠೇವಣಿಗೆ ಊಹೆಯ ಬಡ್ಡಿ ಸೇರಿಸುವುದಿಲ್ಲ, ಅಷ್ಟೇ ಸಮಾಧಾನ. ಪಕ್ಕದಲ್ಲಿ ಅಂಥದ್ದೇ ಪೋರ್ಷನ್ 14,000ಕ್ಕೆ ಹೋಗ್ತಿದೆ ಅಂದುಕೊಳ್ಳಿ. ವರ್ಷಕ್ಕೆ 1,68,000. ಕಂದಾಯ 6,000 ಕಳೆದರೆ 1,62,000. 30% ಹೋಗಿ 1,13,400 ಆದಾಯ.

ಅದು ಯಾರ ಆದಾಯ? ಮನೆ ತಂದೆಯದ್ದು, ಆದ್ದರಿಂದ ತಂದೆಯದ್ದು. ನನಗೆ ಹೆಚ್ಚು ಕಳವಳ ಇಲ್ಲೇ. 24(ಬಿ) ಬಡ್ಡಿ ವಿನಾಯಿತಿ ಮಾಲೀಕರಿಗೆ ಮಾತ್ರ. ಇಎಂಐ ನೀವು ಕಟ್ಟುತ್ತೀರಿ, ಮನೆಯಲ್ಲಿ ನಿಮ್ಮ ಪಾಲಿಲ್ಲ, ನಿಮಗೆ ಬಡ್ಡಿ ಸಿಗಲ್ಲ. ತಂದೆ ಸಾಲದಲ್ಲಿ ಇಲ್ಲದಿದ್ದರೆ ಅವರಿಗೂ ಇಲ್ಲ. 22 ಲಕ್ಷಕ್ಕೆ 8.5% ಅಂದರೆ ಮೊದಲ ವರ್ಷ ಸುಮಾರು 1.87 ಲಕ್ಷ ಬಡ್ಡಿ, ಅದು ಯಾರ ಲೆಕ್ಕಕ್ಕೂ ಬರದೆ ಹೋಗುತ್ತೆ. ತಂದೆ ಸಾಲದಲ್ಲಿ ಜೊತೆಗಾರರಾದರೆ ತಮ್ಮ ಪಾಲಿನ ಬಡ್ಡಿಯನ್ನು ಆ 1,13,400ರಲ್ಲಿ ಕಳೆಯಬಹುದು. ಬಾಡಿಗೆ ಮನೆಯ ಬಡ್ಡಿಗೆ ಮಿತಿ ಇಲ್ಲ, ಹೊಸ ಪದ್ಧತಿಯಲ್ಲೂ ಬಾಡಿಗೆಗೆ ಎದುರಾಗಿ ಕಳೆಯಬಹುದು. ಆದರೆ ಹೊಸ ಪದ್ಧತಿಯಲ್ಲಿ ಮನೆಯ ನಷ್ಟವನ್ನು (ಬಾಡಿಗೆ ಆದಾಯ ಮೀರಿದ ಬಡ್ಡಿಯನ್ನು) ಬೇರೆ ಆದಾಯಕ್ಕೆ ಹೊಂದಿಸುವಂತಿಲ್ಲ. ಇಲ್ಲವೇ ತಂದೆ ನಿಮಗೊಂದು ಪಾಲನ್ನು ದಾನಪತ್ರ ಮಾಡಿ ನೋಂದಾಯಿಸಬಹುದು, ಮನೆ ಅಡಮಾನದಲ್ಲಿರುವುದರಿಂದ ಬ್ಯಾಂಕಿನ ಒಪ್ಪಿಗೆ ಬೇಕು. ಒಡಹುಟ್ಟಿದವರಿದ್ದರೆ ಅವರನ್ನೂ ಕೂರಿಸಿ ಮಾತಾಡಿ.

ಇನ್ನು ಕರಾರು. ಒಂದು ವರ್ಷ ಮೀರುವ ಗುತ್ತಿಗೆ ನೋಂದಣಿ ಆಗಲೇಬೇಕು. ಮಾತು 3 ವರ್ಷದ್ದು, ಕಾಗದ 11 ತಿಂಗಳದ್ದು ಅಂದರೆ ಜಗಳ ಬಂದ ದಿನ ಯಾರ ಕೈಯಲ್ಲೂ ಗಟ್ಟಿ ಪತ್ರ ಇರಲ್ಲ. ಭೋಗ್ಯ ಅಂತ ಬರೆದರೆ ಅದು ಸ್ವಾಧೀನ ಅಡಮಾನ, ಅದಕ್ಕೂ ನೋಂದಣಿ ಬೇಕು. ಮನೆ ಆಗಲೇ ಬ್ಯಾಂಕಿಗೆ ಅಡಮಾನ. ಅಡಮಾನ ಪತ್ರ ತೆಗೆದು ನೋಡಿ, ಬ್ಯಾಂಕಿನ ಲಿಖಿತ ಒಪ್ಪಿಗೆ ಇಲ್ಲದೆ ಲೀಸ್ ಕೊಡಬಾರದು ಅಂತ ಷರತ್ತು ಇರುತ್ತೆ. ಕಂತು ತಪ್ಪಿ ಬ್ಯಾಂಕ್ ಸರ್ಫೇಸಿ ಕಾಯ್ದೆಯಲ್ಲಿ (ಅಡಮಾನದ ಆಸ್ತಿ ಹಿಡಿದು ಸಾಲ ವಸೂಲಿ ಮಾಡುವ ಕಾಯ್ದೆ) ಸ್ವಾಧೀನಕ್ಕೆ ಬಂದರೆ ಆ 12 ಲಕ್ಷ ಕೊಟ್ಟ ಸಂಸಾರ ಬೀದಿಗೆ, ನೀವು ಕೋರ್ಟಿಗೆ.

ಕೊನೆಯದಾಗಿ, 12 ಲಕ್ಷ ಗಾರೆ, ಟೈಲ್ಸಿಗೆ ಹೋದರೆ ಮೂರು ವರ್ಷದ ಮೇಲೆ ವಾಪಸ್ ಕೊಡೋಕೆ ಎಲ್ಲಿಂದ ತರ್ತೀರಿ? ಮುಂದಿನ ಲೀಸ್‌ದಾರರು ಸಿಕ್ತಾರೆ ಅನ್ನೋದು ಉತ್ತರವಲ್ಲ. 14,000 ಬಾಡಿಗೆ, ಸಾಧಾರಣ ಅಡ್ವಾನ್ಸ್, ಉಳಿದ ಕೆಲಸಕ್ಕೆ ಅದೇ ಬ್ಯಾಂಕಿನಲ್ಲಿ ಟಾಪ್-ಅಪ್ (ಇರುವ ಸಾಲದ ಮೇಲೆ ಹೆಚ್ಚುವರಿ ಸಾಲ) ಕೇಳಿ, ತಂದೆಯವರನ್ನು ಜೊತೆಗಾರರಾಗಿ ಸೇರಿಸಿ.

ಸದಸ್ಯರು (ವಿಜಯನಗರ): ಬೆಂಗಳೂರಲ್ಲಿ ಎಲ್ಲರೂ ಲೀಸಿಗೆ ಕೊಡ್ತಾರೆ, ಯಾರಿಗೂ ಏನೂ ಆಗಿಲ್ಲ. ಸುಮ್ನೆ ಹೆದರಿಸಬೇಡಿ.

ಆಡಿಟರ್: ಲೀಸ್ ಕೊಡಬೇಡಿ ಅಂದಿಲ್ಲ. ನಗದು ಬೇಡ, ಬ್ಯಾಂಕಿಗೆ ತಿಳಿಸದೆ ಬೇಡ, ನೋಂದಣಿ ಇಲ್ಲದೆ ಬೇಡ ಅಂದೆ.

ಸದಸ್ಯರು (ಶಿವಮೊಗ್ಗ): ಬಿ ಖಾತಾ ಮನೆಗೆ ರಿಪೇರಿ ಸಾಲ ಕೊಡ್ತಾರಾ?

ಸದಸ್ಯರು (ಮಂಡ್ಯ): ಪೇಂಟಿಂಗ್ ಖರ್ಚು ಬಾಡಿಗೆಯಲ್ಲಿ ಕಳೆಯಬಹುದಾ ಮೇಡಂ?

ಆಡಿಟರ್: ಹಾಸನದವರಿಗೆ ಕೊಟ್ಟ ಉತ್ತರ ನೋಡಿ.

ಸದಸ್ಯೆ (ವೈಟ್‌ಫೀಲ್ಡ್): ನಾನು ಬಾಡಿಗೆದಾರಳು, ತಿಂಗಳಿಗೆ 18,000. ಎಚ್‌ಆರ್‌ಎ (ಸಂಬಳದಲ್ಲಿನ ಮನೆ ಬಾಡಿಗೆ ಭತ್ಯೆ) ವಿನಾಯಿತಿಗೆ ಮಾಲೀಕರ ಪಾನ್ ಬೇಕು ಅಂತ ಆಫೀಸಲ್ಲಿ ಕೇಳ್ತಾರೆ. ಮಾಲೀಕರು ಕೊಡಲ್ಲ ಅಂತಾರೆ.

ಸದಸ್ಯರು (ವಿಜಯನಗರ): ನಾನೂ ಕೊಡಲ್ಲ. ಸಾಲ ಮಾಡಿ ಕಟ್ಟಿದ್ದು ನಾವು, ತೆರಿಗೆ ಉಳಿಸ್ಕೊಳ್ಳೋದು ಬಾಡಿಗೆಯವರು, ಕಟ್ಟೋದು ನಾವಾ?

ಸದಸ್ಯೆ (ವೈಟ್‌ಫೀಲ್ಡ್): ಬಾಡಿಗೆ ನಿಮ್ಮ ಆದಾಯ ಅಲ್ವಾ ಸರ್? ಹತ್ತು ತಿಂಗಳ ಅಡ್ವಾನ್ಸ್ ತಗೊಳ್ಳುವಾಗ ನಮ್ಮ ಆಧಾರ್, ಆಫೀಸ್ ಐಡಿ ಎಲ್ಲಾ ಕೇಳ್ತೀರಿ.

ಸದಸ್ಯರು (ಹುಬ್ಬಳ್ಳಿ): ಹೊಸ ನಿಯಮ ಬಂದದ, ಅಡ್ವಾನ್ಸ್ ಎರಡು ತಿಂಗಳದ್ದಷ್ಟೇ ತಗೋಬೇಕು. ಹೆಚ್ಚು ತಗೊಂಡ್ರ ಜೈಲು. ವಾಟ್ಸಾಪ್‌ನಾಗ ಬಂದಿತ್ರಿ.

ಸದಸ್ಯರು (ವಿಜಯನಗರ): ಜೈಲಂತೆ! ಹಾಗಾದರೆ ಮನೆ ಖಾಲಿ ಇಟ್ಕೋತೀವಿ, ಇರೋಕೆ ಜಾಗ ನೀವೇ ಹುಡುಕ್ಕೊಳ್ಳಿ.

ಆಡಿಟರ್: ಎರಡು ತಿಂಗಳ ಮಾತು 2021ರ ಕೇಂದ್ರದ ಮಾದರಿ ಬಾಡಿಗೆ ಕಾಯ್ದೆಯದ್ದು. ಮಾದರಿ ಅಷ್ಟೇ, ರಾಜ್ಯ ತನ್ನ ಶಾಸನ ಮಾಡಿದರೆ ಮಾತ್ರ ಜಾರಿ. ಇಲ್ಲಿರೋದು 1999ರ ಕರ್ನಾಟಕ ಬಾಡಿಗೆ ಕಾಯ್ದೆ. ಜೈಲು ಮಾದರಿಯಲ್ಲೂ ಇಲ್ಲ. ಓದದೆ ಕಳಿಸಿದ ಇಂಥ ಸಂದೇಶ ನಂಬಿಕೊಂಡು ಜನ ಮಾಲೀಕರ ಜೊತೆ ಜಗಳಕ್ಕೆ ನಿಲ್ತಾರೆ. ದಯವಿಟ್ಟು ನಿಲ್ಲಿಸಿ.

ವಿಜಯನಗರದವರಿಗೆ: ವರ್ಷದ ಬಾಡಿಗೆ 1 ಲಕ್ಷ ದಾಟಿದರೆ ಎಚ್‌ಆರ್‌ಎ ಪಡೆಯುವವರು ಮಾಲೀಕರ ಪಾನ್ ಕೊಡಲೇಬೇಕು. ಪಾನ್ ಬಚ್ಚಿಟ್ಟರೆ ತೆರಿಗೆ ಹೋಗಲ್ಲ, ಬಾಡಿಗೆ ಬ್ಯಾಂಕ್ ಖಾತೆಗೇ ಬರ್ತಿದೆ. 18,000ದಂತೆ ವರ್ಷಕ್ಕೆ 2,16,000, 30% ಹೋದರೆ 1,51,200. ಹೊಸ ಪದ್ಧತಿಯಲ್ಲಿ ಒಟ್ಟು ತೆರಿಗೆಯ ಆದಾಯ 12 ಲಕ್ಷದವರೆಗೆ ರಿಬೇಟಿನಿಂದ ತೆರಿಗೆ ಸೊನ್ನೆ (2025-26ನೇ ಸಾಲಿನಿಂದ). ಪಿಂಚಣಿ, ಬಾಡಿಗೆ ಬಿಟ್ಟರೆ ಬೇರೆ ಆದಾಯವಿಲ್ಲದ ಎಷ್ಟೋ ಮಾಲೀಕರು ಕಟ್ಟಬೇಕಾದ್ದೇ ಇಲ್ಲ. ಆದಾಯ 4 ಲಕ್ಷ ದಾಟಿದರೆ ರಿಟರ್ನ್ ಮಾತ್ರ ಹಾಕಬೇಕು.

ಸದಸ್ಯರು (ವಿಜಯನಗರ): ಮನೆ ಕಂದಾಯದಲ್ಲಿ ಸ್ವಂತ ವಾಸ ಅಂತ ತೋರಿಸಿದೆ. ಪಾನ್ ಕೊಟ್ಟರೆ ಅದೂ ಹೊರಗೆ ಬರುತ್ತೆ.

ಸದಸ್ಯೆ (ವೈಟ್‌ಫೀಲ್ಡ್): ಈಗ ಗೊತ್ತಾಯ್ತು ಕಾರಣ.

ಸದಸ್ಯರು (ವಿಜಯನಗರ): ನಿಮ್ಮ ಕೆಲಸ ನೋಡ್ಕೊಳ್ಳಿ.

ಅಡ್ಮಿನ್: ಇಬ್ಬರೂ ಸಾಕು.

ಆಡಿಟರ್: ಬೆಂಗಳೂರಿನಲ್ಲಿ ಬಾಡಿಗೆಗೆ ಕೊಟ್ಟ ಭಾಗದ ದರ ಸ್ವಂತ ವಾಸದ ದರದ ಎರಡರಷ್ಟು. ತಪ್ಪು ಘೋಷಣೆ ಸಿಕ್ಕಿಬಿದ್ದರೆ ವ್ಯತ್ಯಾಸ, ದಂಡ, ಬಡ್ಡಿ ಮೂರೂ ಬರುತ್ತೆ. ನೋಟಿಸ್ ಬರುವ ಮುಂಚೆ ನೀವೇ ತಿದ್ದಿ. ಕಟ್ಟಿದ ಕಂದಾಯ ಬಾಡಿಗೆ ಆದಾಯದಲ್ಲಿ ಕಳೆಯುತ್ತೆ.

ಸದಸ್ಯರು (ಉಡುಪಿ): ಕೆಳಗೆ ನಾವು, ಮೇಲೆ ಬಾಡಿಗೆ. 3 ಕಿಲೋವ್ಯಾಟ್ ಸೋಲಾರ್ ಹಾಕಿದರೆ ಇಬ್ಬರ ಬಿಲ್ಲೂ ಇಳಿಯುತ್ತಾ?

ಆಡಿಟರ್: ನೆಟ್ ಮೀಟರ್ ಕೂರುವುದು ಒಂದು ಆರ್‌ಆರ್ ನಂಬರಿಗೆ (ಒಂದು ವಿದ್ಯುತ್ ಸಂಪರ್ಕಕ್ಕೆ), ಆ ಬಿಲ್ ಮಾತ್ರ ಇಳಿಯುತ್ತೆ. ಪಿಎಂ ಸೂರ್ಯ ಘರ್ ಸಬ್ಸಿಡಿ ಮೊದಲ 2 ಕಿಲೋವ್ಯಾಟಿಗೆ ತಲಾ 30,000, ಮೂರನೆಯದಕ್ಕೆ 18,000, ಒಟ್ಟು 78,000. ಅದಕ್ಕಿಂತ ದೊಡ್ಡದು ಹಾಕಿದರೂ ಅಷ್ಟೇ. ಪ್ಯಾನೆಲ್ ದೇಶದಲ್ಲೇ ತಯಾರಾದ ಡಿಸಿಆರ್ ಇರಬೇಕು, ಮಾರುವವರು ಪೋರ್ಟಲ್‌ನಲ್ಲಿ ನೋಂದಾಯಿತರಾಗಿರಬೇಕು. ಹಣ ಸಿಸ್ಟಮ್ ಚಾಲೂ ಆದ ಮೇಲೆ ನಿಮ್ಮ ಖಾತೆಗೆ ಬರುತ್ತೆ, ಮೊದಲು ಪೂರ್ತಿ ನೀವೇ ಹೂಡಬೇಕು. ಒಂದು ಕಿಲೋವ್ಯಾಟಿಗೆ ನೆರಳಿಲ್ಲದ ಸುಮಾರು 10 ಚದರ ಮೀಟರ್ ತಾರಸಿ ಬೇಕು. ಗೃಹಜ್ಯೋತಿಯಲ್ಲಿ ಬಿಲ್ ಸೊನ್ನೆ ಬರ್ತಿದ್ದರೆ ಸೋಲಾರ್‌ನಿಂದ ನಿಮಗೆ ಉಳಿತಾಯ ಬಹಳ ಕಡಿಮೆ. ಮೇಲಿನವರಿಗೆ ಬೇರೆ ಮೀಟರ್ ಇದ್ದರೆ ತಮ್ಮ ಆಧಾರ್ ಜೋಡಿಸಿ ಅವರೂ ಗೃಹಜ್ಯೋತಿ ಪಡೆಯಬಹುದು. ಸಬ್-ಮೀಟರಿಗೆ ಸಿಗಲ್ಲ.

ಸದಸ್ಯರು (ಶಿವಮೊಗ್ಗ): ಬಿ ಖಾತಾ ಬಗ್ಗೆ ಕೇಳಿದ್ದೆ ಮೇಡಂ.

ಸದಸ್ಯರು (ಬಳ್ಳಾರಿ): ಬಾಡಿಗೆ ಮನೆ ಪೇಂಟಿಂಗ್ ಮತ್ತು ಮಾಡ್ಯುಲರ್ ಕಿಚನ್ ಬಿಲ್‌ಗಳು ಎಲ್ಲೂ ಪ್ರಯೋಜನಕ್ಕೆ ಬರಲ್ವಾ?

ಆಡಿಟರ್: ಪೇಂಟಿಂಗ್ ಮೂರನೇ ಸಲ. ಬಾಡಿಗೆಯಲ್ಲಿ ಇಲ್ಲ. ಮನೆ ಮಾರುವಾಗ ಹೊಸ ಕೋಣೆ, ಹೊಸ ಮಹಡಿಯಂಥ ಕಟ್ಟಡಕ್ಕೆ ಸೇರಿದ ಕೆಲಸ ಸುಧಾರಣೆ ವೆಚ್ಚವಾಗಿ ಲೆಕ್ಕಕ್ಕೆ ಬರುತ್ತೆ, ಪೇಂಟಿಂಗ್ ಬರಲ್ಲ. ಕಿಚನ್‌ಗೆ ಬಿಲ್ ಮತ್ತು ಬ್ಯಾಂಕ್ ಪಾವತಿ ಇದ್ದರೆ ವಾದಿಸಬಹುದು.

ಸದಸ್ಯೆ (ಮೈಸೂರು): ಮೇಡಂ, ಅವರು 12 ಲಕ್ಷವೂ ಆನ್‌ಲೈನ್ ಕೊಡ್ತೀವಿ, ನೋಂದಣಿಗೂ ಒಪ್ಪಿಗೆ ಅಂತಾರೆ. ಟೋಕನ್ 50,000 ಇವತ್ತೇ ಹಾಕ್ತಾರಂತೆ. ತಗೊಳ್ಳಲಾ?

ಆಡಿಟರ್: ಬ್ಯಾಂಕ್ ಏನು ಹೇಳ್ತು?

ಸದಸ್ಯೆ (ಮೈಸೂರು): ಇನ್ನೂ ಕೇಳಿಲ್ಲ.

ಆಡಿಟರ್: ಹಾಗಾದರೆ ತಗೋಬೇಡಿ. ಸೋಮವಾರ ತಂದೆಯವರನ್ನು ಕರ್ಕೊಂಡು ಶಾಖೆಗೆ ಹೋಗಿ. ಲೀಸಿಗೆ ಒಪ್ಪಿಗೆ ಮತ್ತು ತಂದೆಯವರನ್ನು ಸಾಲಕ್ಕೆ ಸೇರಿಸುವುದು, ಎರಡಕ್ಕೂ ಬೇರೆ ಬೇರೆ ಅರ್ಜಿ ಬರೆದು ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ಲಿಖಿತ ಉತ್ತರ ಬಂದ ಮೇಲೆ ಟೋಕನ್ ಮಾತು. ಟೋಕನ್ ಬರುವುದೂ ಮಾಲೀಕರಾದ ತಂದೆಯ ಖಾತೆಗೆ, ನಿಮ್ಮ ಖಾತೆಗಲ್ಲ.

ಸದಸ್ಯರು (ಶಿವಮೊಗ್ಗ): ಬಿ ಖಾತಾ??

ಅಡ್ಮಿನ್: 8 ಗಂಟೆ ಆಯ್ತು, ಇವತ್ತಿಗೆ ಪ್ರಶ್ನೆ ಬಂದ್. ತುಮಕೂರಿನವರು ಅದೇ ಲಿಂಕ್ ಮತ್ತೆ ಹಾಕಿದ್ದರು, ಅಳಿಸಿದ್ದೇನೆ. ಇನ್ನೊಂದು ಸಲ ಹಾಕಿದರೆ ಗುಂಪಿನಿಂದ ತೆಗೀತೀನಿ.