ಸಹಾಯ ಬೇಕು: ಕಾಣೆಯಾದ ಎಚ್‌ಎಂಟಿ ಗಡಿಯಾರ ನಮ್ಮದೇ ಎಂದು ಗುರುತಿಸುವುದು ಹೇಗೆ?

ಎಲ್ಲರಿಗೂ ನಮಸ್ಕಾರ. 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಎಚ್‌ಎಂಟಿ ಗಡಿಯಾರ ಕಾರ್ಖಾನೆಯ, ಕೀ ಕೊಡುವ ಹಳೆಯ ಕೈಗಡಿಯಾರಗಳನ್ನು ನಮ್ಮ ತಂದೆಯವರು ಸಂಗ್ರಹಿಸುತ್ತ ಬಂದಿದ್ದಾರೆ. ಇತ್ತೀಚೆಗೆ ಮನೆ ಬದಲಿಸುವಾಗ ಜನತಾ, ಕೋಹಿನೂರ್ ಮತ್ತು ಕಪ್ಪು ಡಯಲಿನ ಪೈಲಟ್ ಎಂಬ ಮಾದರಿಗಳ ಗಡಿಯಾರಗಳಿದ್ದ ಪೆಟ್ಟಿಗೆ ಕಾಣೆಯಾಯಿತು. ಸಾಮಾನು ಸಾಗಿಸಿದವರನ್ನು ವಿಚಾರಿಸಿದ್ದೇವೆ, ಪೊಲೀಸರಿಗೆ ದೂರು ನೀಡಿದ್ದೇವೆ, ಪರಿಚಯದ ರಿಪೇರಿ ಅಂಗಡಿಗಳಿಗೂ ತಿಳಿಸಿದ್ದೇವೆ.

ಈಗ ಹಳೆಯ ವಸ್ತುಗಳ ಮಾರಾಟದ ಆ್ಯಪ್ ಒಂದರಲ್ಲಿ ನಮ್ಮದನ್ನೇ ಹೋಲುವ ಪೈಲಟ್ ಕಾಣಿಸಿದೆ. ಆದರೆ ಡಯಲಿಗೆ ಹೊಸದಾಗಿ ಬಣ್ಣ ಹೊಡೆದು, ಬೇರೆ ಗಡಿಯಾರದ ಮುಳ್ಳು ಜೋಡಿಸಿ ಮಾರುವುದು ಪೈಲಟ್ ವಿಷಯದಲ್ಲಿ ತೀರಾ ಸಾಮಾನ್ಯವಾಗಿರುವುದರಿಂದ (ಅಂಥವನ್ನು ಅಪ್ಪಟ ಹಳೆಯದೆಂದು ಕೊಂಡವರು ಈ ಗುಂಪಿನಲ್ಲೂ ಇರಬಹುದು), ಮುಂಭಾಗದ ಹೋಲಿಕೆಯನ್ನು ನಾನು ಸಾಕ್ಷಿಯೆಂದು ನಂಬಲಾರೆ. ನಮ್ಮ ಬಳಿ ಇರುವುದೂ ಮುಂಭಾಗದ ಫೋಟೋ ಮಾತ್ರ. ನಿಜವಾದ ಗುರುತೆಂದರೆ, ನಮ್ಮ ಪೈಲಟ್ ಗಡಿಯಾರವನ್ನು ಸರ್ವಿಸ್ ಮಾಡಿದ ಹಿರಿಯ ರಿಪೇರಿಯವರು ಹಿಂಬದಿ ಮುಚ್ಚಳದ ಒಳಗೆ ಸೂಜಿಯಿಂದ ಗೀಚಿದ ತಾರೀಖು ಮತ್ತು ಸಹಿ. ಅವರು ಇಂದಿಗೂ ತಮ್ಮ ಗೀಚನ್ನು ಗುರುತಿಸಬಲ್ಲರು. ಮುಚ್ಚಳ ತೆಗೆದು ಫೋಟೋ ಕಳುಹಿಸಿ ಎಂದರೆ ಮಾರುವವರು ಅನುಮಾನಗೊಂಡು ಜಾಹೀರಾತನ್ನೇ ಅಳಿಸಿಬಿಡಬಹುದೆಂಬ ಆತಂಕವಿದೆ.

ಮಾರುವವರನ್ನು ನಾವೇ ಸಂಪರ್ಕಿಸದೆ, ಜಾಹೀರಾತಿನ ಸ್ಕ್ರೀನ್‌ಶಾಟ್ ಹಾಗೂ ರಿಪೇರಿಯವರ ಲಿಖಿತ ಹೇಳಿಕೆಯನ್ನು ಮೊದಲು ಪೊಲೀಸರಿಗೆ ಕೊಡುವುದು ಸರಿಯೇ? ಒಳಮುಚ್ಚಳದ ಇಂಥ ಗೀಚುಗುರುತನ್ನು ಪೊಲೀಸರು ಮಾಲೀಕತ್ವದ ಆಧಾರವಾಗಿ ಒಪ್ಪಿದ ಅನುಭವ ಯಾರಿಗಾದರೂ ಇದ್ದರೆ ದಯವಿಟ್ಟು ತಿಳಿಸಿ.