ಮಳೆಗಾಲದಲ್ಲಿ ಮೂಡಿಗೆರೆಯಿಂದ ಫಿಗ್ಮಾ ಕೆಲಸ: ನೀವೆಲ್ಲ ಹೇಗೆ ಮಾಡ್ತೀರಿ?

ತೋಟದಮನೆ, ಮೂಡಿಗೆರೆ:
ಬೆಂಗಳೂರಿನ ತಂಡಕ್ಕೆ ಊರಿಂದಲೇ, ಫಿಗ್ಮಾ ಅನ್ನೋ ಡಿಸೈನ್ ತಂತ್ರಾಂಶದಲ್ಲಿ, ಆ್ಯಪ್ ಡಿಸೈನ್ ಮಾಡ್ತೀನಿ. ಬೇಸಿಗೇಲಿ ತೊಂದರೆ ಇಲ್ಲ. ಆರಿದ್ರಾ ಮಳೆ ಹಿಡೀತು ಅಂದ್ರೆ ಲೈನ್ ಮೇಲೆ ಮರ ಬಿದ್ದು ಕರೆಂಟ್ ಹೋಗುತ್ತೆ, ಹಿಂದೆಯೇ ಟವರೂ ಹೋಗುತ್ತೆ. ಫಿಗ್ಮಾ ನಡೆಯೋದೇ ಬ್ರೌಸರಲ್ಲಿ. ನೆಟ್ ಇಲ್ಲದಾಗ ಮಾಡಿದ್ದು ಉಳಿಯುತ್ತಾ? ಇನ್ನೊಂದು, ಕ್ಲೈಂಟ್ ಕನ್ನಡ ಪಠ್ಯವನ್ನ ನುಡಿ ಫಾಂಟಲ್ಲಿ ಕಳಿಸ್ತಾರೆ. ಪೇಸ್ಟ್ ಮಾಡಿದ್ರೆ ಒಂದಕ್ಷರವೂ ಓದೋಕೆ ಬರಲ್ಲ.

ಹೇಮಾವತಿ ದಂಡೆ, ಸಕಲೇಶಪುರ:
ಫೈಲ್ ಮೊದಲೇ ತೆರೆದಿದ್ರೆ ನೆಟ್ ಹೋದ್ರೂ ಕೆಲಸ ಮುಂದುವರಿಸಬಹುದು. ತಿದ್ದಿದ್ದು ನಿಮ್ಮ ಕಂಪ್ಯೂಟರಲ್ಲೇ ಇದ್ದು, ನೆಟ್ ಬಂದ ಮೇಲೆ ಸರ್ವರಿಗೆ ಹೋಗುತ್ತೆ. ಟ್ಯಾಬ್ ಮಾತ್ರ ಮುಚ್ಚಬೇಡಿ.

ಜಾಗ್ರತೆ ಬೇಕಾದ್ದು ಬೇರೆ ಕಡೆ. ಒಂದು ಬಟನ್ನಿಗೆ ನೀವು ಬಣ್ಣ ಬದಲಿಸಿ, ಅಲ್ಲಿ ಇನ್ನೊಬ್ಬರು ಅಗಲ ಬದಲಿಸಿದ್ರೆ ಎರಡೂ ಉಳಿಯುತ್ತೆ. ಇಬ್ಬರೂ ಬಣ್ಣವನ್ನೇ ಬದಲಿಸಿದ್ರೆ ಸರ್ವರಿಗೆ ಕೊನೆಗೆ ಮುಟ್ಟಿದ್ದೇ ನಿಲ್ಲೋದು. ಒಂದು ಟೆಕ್ಸ್ಟ್ ಬಾಕ್ಸಲ್ಲಿ ಇರೋ ಅಷ್ಟೂ ಬರಹ ಫಿಗ್ಮಾ ಲೆಕ್ಕಕ್ಕೆ ಒಂದೇ. ಹಾಗಾಗಿ ಇಬ್ಬರು ಅಲ್ಲಿ ಕೈಯಾಡಿಸಿದ್ರೆ ಒಬ್ಬರ ಬರಹ ಹೋದಂತೆಯೇ.

ಅದಕ್ಕೇ ನಮ್ಮಲ್ಲಿ ಜೂನ್ ಬಂತಂದ್ರೆ ತಲೆಗೊಂದು ಪೇಜ್. ನನ್ನ ಪೇಜಿಗೆ ಬೇರೆಯವರು ಕಾಮೆಂಟ್ ಹಾಕ್ತಾರೆ, ತಿದ್ದೋಕೆ ಹೋಗಲ್ಲ. ದೊಡ್ಡ ಬದಲಾವಣೆಗೆ ಮುಂಚೆ ವರ್ಷನ್‌ಗೆ ಹೆಸರು ಕೊಟ್ಟು ಉಳಿಸ್ತೀವಿ.

ಇದಕ್ಕಿಂತ ಮುಖ್ಯ ಅಂತ ನನಗನ್ನಿಸೋದು: ಯಾಕೆ ಹೀಗೆ ಮಾಡಿದೆ ಅನ್ನೋದನ್ನ ಫ್ರೇಮ್ (ಆ್ಯಪಿನ ಒಂದು ಪರದೆ ಬಿಡಿಸಿರೋ ಚೌಕಟ್ಟು) ಪಕ್ಕದಲ್ಲೇ ನಾಲ್ಕು ಸಾಲು ಬರೆದಿಡಿ. ಕಾಲ್‌ನಲ್ಲಿ ತೀರ್ಮಾನವಾಗಿ ಎಲ್ಲೂ ಬರೆಯದೆ ಬಿಟ್ಟದ್ದು, ಆ ಹೊತ್ತಿಗೆ ನೆಟ್ ಇಲ್ಲದವರ ಪಾಲಿಗೆ ಆಗೇ ಇಲ್ಲ. ಮಲೆನಾಡಲ್ಲಿ ಕೂತು ದುಡಿಯೋರು ತಂಡದ ಅಂಚಿಗೆ ಸರಿಯೋದು ಹೀಗೇನೇ. ಇದನ್ನ ನೀವೇ ಕೇಳಿ ತಗೊಳ್ಳಬೇಕು, ಸಂಕೋಚ ಬೇಡ.

ಅಚ್ಚುಮೊಳೆ, ಹಾಸನ:
ನುಡಿ ವಿಷಯಕ್ಕೆ ಬರ್ತೀನಿ, ನಾನು ಡಿಟಿಪಿಯಿಂದ ಬಂದವನು. ಹಳೇ ನುಡಿ ಫಾಂಟುಗಳಲ್ಲಿ ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ತುಂಡುಗಳನ್ನ ಕೂರಿಸಿರ್ತಾರೆ. ಫಾಂಟ್ ಬದಲಾದ ತಕ್ಷಣ ಕೆಳಗಿರೋ ಇಂಗ್ಲಿಷ್ ಎದ್ದು ಬರುತ್ತೆ. ಮೊದಲು ಯೂನಿಕೋಡಿಗೆ (ಕನ್ನಡ ಅಕ್ಷರಗಳಿಗೆ ಅವುಗಳದ್ದೇ ಸಂಕೇತ ಇರೋ ವ್ಯವಸ್ಥೆ) ಪರಿವರ್ತಿಸಿ, ಅರ್ಕಾವತ್ತು ಇರೋ ಪದಗಳನ್ನ ಕಣ್ಣಿಟ್ಟು ನೋಡಿ, ಆಮೇಲೆ ಫಿಗ್ಮಾಗೆ ಹಾಕಿ.

ಫಾಂಟಿಗೆ ನೋಟೋ ಸಾನ್ಸ್ ಕನ್ನಡ ಅಥವಾ ಬಾಲೂ ತಮ್ಮ 2 ಆರಿಸಿ. ಗೂಗಲ್ ಫಾಂಟ್ಸ್‌ನಲ್ಲಿರೋದರಿಂದ ತಂಡದಲ್ಲಿ ಯಾರೂ ಬೇರೆ ಇನ್‌ಸ್ಟಾಲ್ ಮಾಡೋದು ಬೇಡ. ಇಂಗ್ಲಿಷಿಗೆ ಇಟ್ಟ ಸಾಲಿನ ಅಂತರವನ್ನೇ ಕನ್ನಡಕ್ಕೂ ಬಿಟ್ರೆ ಒತ್ತಕ್ಷರ ಕೆಳಗಿನ ಸಾಲಿಗೆ ತಾಗುತ್ತೆ. ನಾನು ಅಕ್ಷರದ ಅಳತೆಯ ಒಂದೂವರೆ ಪಟ್ಟು ಇಡ್ತೀನಿ. ‘ರಾಷ್ಟ್ರೀಯ’, ‘ಲಕ್ಷ್ಮಿ’ ಹಾಕಿ ನೋಡಿ, ಅಲ್ಲೇ ತಿಳಿಯುತ್ತೆ.

ಕಾಫಿಕಣ, ಚಿಕ್ಕಮಗಳೂರು:
ಫಿಗ್ಮಾ ಥರದ್ದೇ ಪೆನ್‌ಪಾಟ್ ಕೂಡ ನೋಡಿ. ಮುಕ್ತ ತಂತ್ರಾಂಶ, ಸ್ವಂತ ಸರ್ವರಲ್ಲೇ ಇಟ್ಟುಕೊಳ್ಳಬಹುದು. ಅಡೋಬಿ 2022ರಲ್ಲಿ ಫಿಗ್ಮಾವನ್ನ ಕೊಳ್ಳೋಕೆ ಹೊರಟಾಗ ನಾನು ಶುರು ಮಾಡಿದ್ದು. ಆ ವ್ಯವಹಾರ 2023ರ ಡಿಸೆಂಬರಲ್ಲಿ ಮುರಿದುಬಿತ್ತು, ನಾನು ಬಿಡಲಿಲ್ಲ. ನೆಟ್ ಇಲ್ಲದ ಸಮಸ್ಯೆಗೆ ಅದು ಪರಿಹಾರ ಅಲ್ಲ, ಅದಕ್ಕೆ ಸಕಲೇಶಪುರದವರು ಹೇಳಿದ್ದೇ ಸರಿ.

ತೋಟದಮನೆ, ಮೂಡಿಗೆರೆ:
ತುಂಬಾ ಉಪಕಾರ ಆಯ್ತು. ತಲೆಗೊಂದು ಪೇಜ್ ಅನ್ನೋದನ್ನ ಸೋಮವಾರ ತಂಡದಲ್ಲಿ ಕೇಳ್ತೀನಿ. ಹಾಸನದವರೇ, ಪರಿವರ್ತಿಸಿದಾಗ ಮಧ್ಯದಲ್ಲಿರೋ ಇಂಗ್ಲಿಷ್ ಹೆಸರುಗಳೂ ಕನ್ನಡದ ತುಂಡುಗಳಾಗಿ ಬಿಡ್ತವಲ್ಲ, ಅದಕ್ಕೇನು ಮಾಡ್ತೀರಿ?

ಅಚ್ಚುಮೊಳೆ, ಹಾಸನ:
ಅವನ್ನ ಮೊದಲೇ ತೆಗೆದಿಟ್ಟು, ಪರಿವರ್ತನೆ ಆದ ಮೇಲೆ ಕೈಯಾರೆ ಸೇರಿಸ್ತೀನಿ.